ಒಂದೇ ಮಂಡಿಗೆ ಮೂರು ಆಪರೇಷನ್ ಸಲಹೆ: ಚಿಪ್ಪಿನ ನೋವಿನ ಒಂದು ಪ್ರಕರಣ

ನಮ್ಮ ಕ್ಲಿನಿಕ್ಕಿಗೆ ರಸ್ತೆಯಿಂದ ನಾಲ್ಕು ಮೆಟ್ಟಿಲು. ಟೀಚರ್ ಮೊದಲ ಸಲ ಬಂದಾಗ ಕಂಬಿ ಹಿಡಿದು ಹೇಗೋ ಹತ್ತಿ ಬಂದರು. ಹೋಗುವಾಗ ಮಾತ್ರ ಅಡ್ಡ ತಿರುಗಿ ನಿಂತರು. ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲು ಕೆಳಗಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು ಇಳಿದರು. ಬಲ ಮಂಡಿ ಭಾರ ಹೊತ್ತು ಬಗ್ಗುವ ಸಂದರ್ಭವೇ ಬರದ ಹಾಗೆ ಇಳಿಯುವ ಉಪಾಯ ಅದು. ಯಾರೂ ಹೇಳಿಕೊಟ್ಟಿರಲಿಲ್ಲ, ನೋವೇ ಕಲಿಸಿತ್ತು.

ನಾನು ಫಿಸಿಯೋಥೆರಪಿಸ್ಟ್, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇನೆ. ಟೀಚರ್ ಪಕ್ಕದ ಹಳ್ಳಿಯ ಅಂಗನವಾಡಿಯವರು. ಆಗ ವಯಸ್ಸು 34. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ.

ಬಲ ಮಂಡಿಚಿಪ್ಪಿನ ಸುತ್ತ ಆರು ವರ್ಷದಿಂದ ನೋವು. ಬಿದ್ದು ಪೆಟ್ಟಾಗಿದ್ದಿಲ್ಲ, ಚಿಪ್ಪು ಜಾರಿದ್ದೂ ಇಲ್ಲ. ಸಮತಟ್ಟಾದ ದಾರಿಯಲ್ಲಿ ಎರಡು ಮೈಲಿ ಬೇಕಾದರೂ ನಡೆಯುತ್ತಿದ್ದರು. ಬಸ್ಸಿನಿಂದ ಇಳಿಯೋದು, ಮಕ್ಕಳ ಜೊತೆ ನೆಲದಲ್ಲಿ ಕೂತು ಏಳೋದು, ಕುಕ್ಕರಗಾಲಲ್ಲಿ ಕೂರೋದು, ಇವು ಮೂರು ಆಗುತ್ತಿರಲಿಲ್ಲ. ಅಂಗನವಾಡಿ ಕೆಲಸದಲ್ಲಿ ಇವು ಮೂರೇ ಜಾಸ್ತಿ. ಎಲ್ಲಿ ನೋವು ಅಂತ ಕೇಳಿದರೆ ಒಂದು ಬೆರಳಲ್ಲಿ ತೋರಿಸಲಿಲ್ಲ. ಇಡೀ ಅಂಗೈಯನ್ನು ಚಿಪ್ಪಿನ ಮೇಲಿಟ್ಟು ಉಜ್ಜಿದರು.

ನಾಲ್ಕು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಕೀಹೋಲ್ ಆಪರೇಷನ್, ಅಂದರೆ ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್, ಆಗಿತ್ತು. ಚಿಪ್ಪಿನ ಹೊರಬದಿಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಬಿಗಿ ಪಟ್ಟಿಯನ್ನು ಕತ್ತರಿಸಿ ಸಡಿಲ ಮಾಡುವ ಆಪರೇಷನ್, ಲ್ಯಾಟರಲ್ ರಿಲೀಸ್ ಅನ್ನುತ್ತಾರೆ. ಎರಡು ತಿಂಗಳು ಹಗುರ ಅನ್ನಿಸಿತಂತೆ. ಆಮೇಲೆ ಮತ್ತೆ ಅದೇ ನೋವು. ವ್ಯಾಯಾಮ ಅಂತ ಒಂದು ಚೀಟಿ ಕೊಟ್ಟಿದ್ದರು, ಹೇಗೆ ಮಾಡಬೇಕು ಅಂತ ಯಾರೂ ನಿಂತು ತೋರಿಸಿರಲಿಲ್ಲ. ನಾನು ಟೇಪ್ ಹಿಡಿದು ಅಳೆದಾಗ ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಬಲತೊಡೆಯ ಸುತ್ತಳತೆ ಎಡತೊಡೆಗಿಂತ 3 ಸೆಂಟಿಮೀಟರ್ ಕಡಿಮೆ ಇತ್ತು. ಆಪರೇಷನ್ ಆದಮೇಲೆ ತೊಡೆಯ ಮಾಂಸಖಂಡಕ್ಕೆ ಯಾರೂ ಕೆಲಸ ಕೊಟ್ಟೇ ಇರಲಿಲ್ಲ. ನನಗೆ ಅವತ್ತು ನಿಜಕ್ಕೂ ಸಿಟ್ಟು ಬಂತು.

ಟೀಚರ್ ಕೈಯಲ್ಲಿದ್ದ ಬಟ್ಟೆ ಅಂಗಡಿ ಕವರಿನಲ್ಲಿ ಮೂರು ಊರಿನ ಮೂರು ಚೀಟಿಗಳಿದ್ದವು. ಶಿವಮೊಗ್ಗದವರು ಇನ್ನೊಂದು ಸಲ ಕೀಹೋಲ್ ಹಾಕಿ ಒಳಗೆ ಸವೆದದ್ದನ್ನು ಕ್ಲೀನ್ ಮಾಡಿ, ಪಟ್ಟಿಯನ್ನು ಇನ್ನಷ್ಟು ಸಡಿಲಿಸೋಣ ಅಂದಿದ್ದರು. ಮಂಗಳೂರಿನವರು ಚಿಪ್ಪಿನ ಕೆಳಗಿನ ಮೂಳೆಯನ್ನೇ ಸ್ವಲ್ಪ ಸರಿಸಿ ಸ್ಕ್ರೂ ಹಾಕಬೇಕು ಅಂದಿದ್ದರು. ಬೆಂಗಳೂರಿನವರು ಚಿಪ್ಪಿನ ಭಾಗಕ್ಕೆ ಮಾತ್ರ ಕೃತಕ ಕೀಲು ಹಾಕಿಸಿಬಿಡಿ ಅಂದಿದ್ದರು.

"ಮೂರು ಜನಾನೂ ದೊಡ್ಡ ಡಾಕ್ಟ್ರೇ ಮೇಡಂ. ಮೂರು ಜನ ಮೂರು ಥರ ಹೇಳಿದ್ರೆ ನಾನೇನು ಚೀಟಿ ಎತ್ತಲಾ?" ಅಂದರು.

ಸವೆತ ಮತ್ತು ನೋವು

ಎಂಆರ್‌ಐ ರಿಪೋರ್ಟಿನಲ್ಲಿ ಒಂದೇ ಪದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದ್ದರು: ಕಾಂಡ್ರೊಮಲೇಶಿಯಾ. ಚಿಪ್ಪಿನ ಹಿಂಬದಿಯ ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಗೆ ಹೊದಿಸಿದ ನುಣುಪು ಪದರ, ಮೆದುವಾಗಿದೆ, ಸವೆದಿದೆ ಅಂತ ಅರ್ಥ. ನಮ್ಮ ಕಡೆ ಇದನ್ನೇ "ಜೆಲ್ ಖಾಲಿಯಾಗಿದೆ" ಅನ್ನುತ್ತಾರೆ. ಆ ಮಾತು ಕೇಳಿದ ದಿನದಿಂದ ಟೀಚರ್ ಮಂಡಿ ಬಗ್ಗಿಸೋಕೇ ಹೆದರುತ್ತಿದ್ದರು.

ಕಾರ್ಟಿಲೇಜಿನಲ್ಲಿ ನರಗಳೇ ಇಲ್ಲ. ಸ್ಕಾಟ್ ಡೈ ಅನ್ನುವ ಅಮೆರಿಕದ ಮೂಳೆ ಸರ್ಜನ್ ಇದನ್ನು ತಮ್ಮ ಮೈಮೇಲೇ ಪರೀಕ್ಷೆ ಮಾಡಿಕೊಂಡರು. ಕೀಲಿನ ಒಳಗೆ ಅರಿವಳಿಕೆ ಕೊಡಿಸಿಕೊಳ್ಳದೆ, ಎಚ್ಚರವಿದ್ದೇ, ತಮ್ಮ ಮಂಡಿಗಳೊಳಗೆ ಸಲಕರಣೆ ಹಾಕಿಸಿ ಒಂದೊಂದೇ ಭಾಗ ಮುಟ್ಟಿಸಿಕೊಂಡರು. ಚಿಪ್ಪಿನ ಕಾರ್ಟಿಲೇಜ್ ಒತ್ತಿದರೆ ನೋವಿಲ್ಲ. ಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆ ಮತ್ತು ಕೀಲಿನ ಒಳಪದರ ಮುಟ್ಟಿದರೆ ವಿಪರೀತ ನೋವು. 1998ರಲ್ಲಿ ಅದು ಪ್ರಕಟವಾಯಿತು. ಸವೆತ ಕಂಡಿತು, ಹಾಗಾಗಿ ನೋವು ಅಲ್ಲಿಂದಲೇ ಅನ್ನೋದು ಅವಸರದ ತೀರ್ಮಾನ. ಸವೆತಕ್ಕೂ ಪಾತ್ರ ಇದೆ, ಇಲ್ಲ ಅಂತಲ್ಲ. ಕಾರ್ಟಿಲೇಜ್ ತೆಳುವಾದಾಗ ಅದರ ಅಡಿಯ ಮೂಳೆಗೆ ಭಾರ ನೇರ ತಾಗುತ್ತದೆ, ಮೂಳೆಗೆ ನರಗಳಿವೆ. ಆದರೆ ಆಗ ಕೇಳಬೇಕಾದ ಪ್ರಶ್ನೆ ಬೇರೆ: ಭಾರ ಆ ಜಾಗಕ್ಕೇ ಯಾಕೆ ಬೀಳುತ್ತಿದೆ?

ಟೀಚರ್ ಫೈಲಿನಲ್ಲಿ ಮುಂದಿನಿಂದ ಮತ್ತು ಪಕ್ಕದಿಂದ ತೆಗೆದ ಎಕ್ಸ್‌ರೇ ಮಾತ್ರ ಇದ್ದವು. ಮಂಡಿ ಬಗ್ಗಿಸಿ, ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತನ್ನ ಜಾಡಿನಲ್ಲಿ ಹೇಗೆ ಕೂತಿದೆ ಅಂತ ತೋರಿಸುವ ಸ್ಕೈಲೈನ್ ಎಕ್ಸ್‌ರೇ ಇರಲಿಲ್ಲ. ಅದನ್ನು ತೆಗೆಸಿದೆವು. ಚಿಪ್ಪು ಹೊರಬದಿಗೆ ವಾಲಿತ್ತು, ಆದರೆ ಮೂಳೆಗೆ ಮೂಳೆ ತಾಗುವಷ್ಟು ಜಾಗ ಕಿರಿದಾಗಿರಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಇನ್ನೊಂದು ಅಳತೆ ಸಿಕ್ಕಿತು. ತೊಡೆಮೂಳೆಯ ಜಾಡು ಮತ್ತು ಮಂಡಿ ಕೆಳಗಿನ ಕಾಲಮೂಳೆಯ ಮೇಲಿರುವ ಗುಬುಟು, ಅಂದರೆ ಚಿಪ್ಪಿನ ಸ್ನಾಯುಹಗ್ಗ ಅಂಟಿಕೊಂಡಿರುವ ಜಾಗ, ಇವೆರಡರ ನಡುವೆ ಅಡ್ಡಕ್ಕೆ ಎಷ್ಟು ದೂರ ಅನ್ನೋದು. ಇದಕ್ಕೆ ಟಿಟಿ-ಟಿಜಿ ಅನ್ನುತ್ತಾರೆ. 20 ಮಿಲಿಮೀಟರ್ ದಾಟಿದರೆ ಜಾಸ್ತಿ ಅಂತ ಫ್ರಾನ್ಸಿನ ಲಿಯಾನ್ ನಗರದ ಸರ್ಜನ್‌ಗಳು 1994ರಲ್ಲಿ ಹೇಳಿದ್ದು ಇವತ್ತಿಗೂ ಬಳಕೆಯಲ್ಲಿದೆ. ಟೀಚರ್‌ದು 21. ಚಿಪ್ಪಿನ ಎತ್ತರ ಸರಿಯಿತ್ತು. ಸವೆತ ಇದ್ದದ್ದು ಚಿಪ್ಪಿನ ಕೆಳಗಿನ ಹೊರ ಮೂಲೆಯಲ್ಲಿ ಮಾತ್ರ. ಎದುರಿನ ಜಾಡಿನ ಕಾರ್ಟಿಲೇಜ್ ಚೆನ್ನಾಗಿತ್ತು.

ಇಲ್ಲಿಗೆ "ಸಿಕ್ಕಿತು ಕಾರಣ" ಅಂತ ನನಗೂ ಅನ್ನಿಸಿತ್ತು. ಸ್ಕ್ಯಾನಿನಲ್ಲಿ ಎರಡೂ ಕಾಲು ಬಂದಿದ್ದರಿಂದ ಎಡಗಾಲನ್ನೂ ಅಳೆಸಿದೆವು. ಅದು 20. ಆ ಮಂಡಿಯಲ್ಲಿ ಒಂದು ದಿನವೂ ನೋವಿರಲಿಲ್ಲ.

ಮೊದಲು ನಾಲ್ಕು ತಿಂಗಳು

ಎಡಗಾಲಿನ ಆ ಅಳತೆಯೇ ನನ್ನನ್ನು ತಡೆಯಿತು. ರಚನೆ ಹೆಚ್ಚುಕಡಿಮೆ ಒಂದೇ ಇದ್ದೂ ಒಂದು ಕಾಲು ನೋಯುತ್ತೆ, ಇನ್ನೊಂದು ನೋಯಲ್ಲ ಅಂದರೆ, ವ್ಯತ್ಯಾಸದಲ್ಲಿ ಸ್ವಲ್ಪ ಪಾಲು ಸೊರಗಿದ ತೊಡೆಯದು ಇರಲೇಬೇಕು ಅಲ್ವಾ? ಹಾಗಾಗಿ ಯಾವ ಆಪರೇಷನ್ ಅಂತ ಮಾತಾಡುವ ಮೊದಲು ನಾಲ್ಕು ತಿಂಗಳು ಕೊಡಿ ಅಂತ ಕೇಳಿಕೊಂಡೆ.

ಸೊಂಟದ ಪಕ್ಕದ ಮಾಂಸಖಂಡಕ್ಕೆ ಮತ್ತು ತೊಡೆಯ ಮುಂಭಾಗಕ್ಕೆ ವಾರಕ್ಕೆ ಮೂರು ದಿನ ಕೆಲಸ. ಮಲಗಿ ಕಾಲು ಎತ್ತುವುದು, ಪಕ್ಕಕ್ಕೆ ಮಲಗಿ ಎತ್ತುವುದು, ಗೋಡೆಗೆ ಒರಗಿ ಅರ್ಧ ಕೂರುವುದು. ಮೆಟ್ಟಿಲು ಇಳಿಯೋದನ್ನು ಊಟಕ್ಕೆ ಕೂರುವ ಮಣೆಯಿಂದ ಶುರು ಮಾಡಿದೆವು. ಮಣೆಯಿಂದ ಒಂದು ಇಟ್ಟಿಗೆ, ಆಮೇಲೆ ಎರಡು ಇಟ್ಟಿಗೆ. ಚಿಪ್ಪನ್ನು ಒಳಬದಿಗೆ ಎಳೆದು ಅಂಟು ಟೇಪ್ ಹಚ್ಚಿದರೆ ಇಟ್ಟಿಗೆಯಿಂದ ಇಳಿಯುವ ನೋವು ಹತ್ತರಲ್ಲಿ ಏಳಿದ್ದದ್ದು ನಾಲ್ಕಕ್ಕೆ ಇಳಿಯುತ್ತಿತ್ತು.

ಟೇಪಿನ ಈ ಉತ್ತರ ನನಗೆ ಬೇಕಿತ್ತು. ಲ್ಯಾಟರಲ್ ರಿಲೀಸ್ ಆದ ಕೆಲವರಲ್ಲಿ ಹೊರಬದಿಯ ಹಿಡಿತ ಹೋಗಿ ಚಿಪ್ಪು ಒಳಬದಿಗೆ ಜಾರತೊಡಗುತ್ತದೆ. ಅಂಥವರ ನೋವು ಹಳೆಯ ನೋವಿನಂತೆಯೇ ಕಾಣುತ್ತದೆ. ಅದನ್ನು ಗುರುತಿಸದೆ ಇನ್ನಷ್ಟು ಒಳಕ್ಕೆ ಸರಿಸಿದರೆ ಅನಾಹುತ. ಪರೀಕ್ಷೆ ಸುಲಭ: ಕಾಲು ನೇರವಾಗಿದ್ದಾಗ ಚಿಪ್ಪನ್ನು ಒಳಬದಿಗೆ ತಳ್ಳಿ ಹಿಡಿದು, ತಟ್ಟನೆ ಮಂಡಿ ಬಗ್ಗಿಸಬೇಕು. ಚಿಪ್ಪು ಒಳಬದಿಗೆ ಜಾರುವ ಮಂಡಿಯಾದರೆ ರೋಗಿ "ಇದೇ, ಇದೇ ನೋವು" ಅನ್ನುತ್ತಾರೆ. ಟೀಚರ್ ಸುಮ್ನೆ ನನ್ನ ಮುಖ ನೋಡಿದರು. ಒಳಕ್ಕೆ ಎಳೆದ ಟೇಪಿನಿಂದ ಅವರಿಗೆ ಆರಾಮವೂ ಆಗುತ್ತಿತ್ತು. ಆ ದೊಡ್ಡ ಹೆದರಿಕೆ ದೂರವಾಯಿತು.

ನಾಲ್ಕು ತಿಂಗಳ ಕೊನೆಗೆ ತೊಡೆಯ ವ್ಯತ್ಯಾಸ 1 ಸೆಂಟಿಮೀಟರಿಗೆ ಬಂತು. ಚಿಪ್ಪಿನ ನೋವು ಅಳೆಯಲು ನಾವು ಕುಯಾಲಾ ಪಟ್ಟಿ ಬಳಸುತ್ತೇವೆ. 13 ಪ್ರಶ್ನೆ, 100 ಅಂಕ, 100 ಅಂದರೆ ಏನೂ ತೊಂದರೆ ಇಲ್ಲ ಅಂತ. 52 ಇದ್ದದ್ದು 66 ಆಯಿತು. ಕೂತು ಏಳೋದು ಸುಧಾರಿಸಿತು, ರಾತ್ರಿಯ ಸೆಳೆತ ನಿಂತಿತು. ಆದರೆ ಬಸ್ಸಿನ ಮೆಟ್ಟಿಲಲ್ಲಿ ಅದೇ ಹೊರ ಮೂಲೆಯಲ್ಲಿ ಚುಚ್ಚುವುದು ಹೋಗಲಿಲ್ಲ. ಮೊದಲು ಅಂಗೈ ಇಟ್ಟು ತೋರಿಸುತ್ತಿದ್ದವರು ಈಗ ಒಂದೇ ಬೆರಳಲ್ಲಿ ತೋರಿಸಿದರು. ಸ್ಕ್ಯಾನಿನಲ್ಲಿ ಸವೆದಿದ್ದ ಜಾಗವೂ ಅದೇ. ಇನ್ನೂ ಎರಡು ತಿಂಗಳು ಮುಂದುವರಿಸಿದರೂ ಅಂಕ 66 ದಾಟಲಿಲ್ಲ. ಆಗ ಕವರಿನ ಮೂರು ಚೀಟಿಗಳನ್ನು ಮತ್ತೆ ಮೇಜಿನ ಮೇಲೆ ಹರಡಿದೆವು.

ಮೂರು ಚೀಟಿ

ಮೊದಲ ಸಲಹೆಯನ್ನು ಬದಿಗಿಡಲು ಕಷ್ಟವಾಗಲಿಲ್ಲ. ಫಿನ್ಲೆಂಡಿನಲ್ಲಿ 56 ಜನರ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಹೊರಬಂತು. ಎಲ್ಲರಿಗೂ ದೀರ್ಘಕಾಲದ ಚಿಪ್ಪಿನ ನೋವು. ಅರ್ಧ ಜನಕ್ಕೆ ಕೀಹೋಲ್ ಆಪರೇಷನ್ ಜೊತೆ ವ್ಯಾಯಾಮ, ಉಳಿದವರಿಗೆ ಬರೀ ವ್ಯಾಯಾಮ. ಯಾರಿಗೆ ಯಾವುದು ಅನ್ನೋದನ್ನು ಲಾಟರಿ ಥರ ಆರಿಸಿದ್ದರು. ಒಂಬತ್ತು ತಿಂಗಳಲ್ಲಿ ಎರಡೂ ಗುಂಪು ಸುಧಾರಿಸಿತ್ತು, ಆದರೆ ಎರಡರ ನಡುವೆ ವ್ಯತ್ಯಾಸ ಇರಲಿಲ್ಲ. ಐದು ವರ್ಷ ಬಿಟ್ಟು ನೋಡಿದಾಗಲೂ ಅಷ್ಟೇ. ನರವಿಲ್ಲದ ಕಾರ್ಟಿಲೇಜನ್ನು ಕೆರೆದು ನುಣುಪು ಮಾಡಿದರೆ ಭಾರ ಬೀಳುವ ಜಾಗವೇನೂ ಬದಲಾಗಲ್ಲವಲ್ಲ.

ಇನ್ನು ಪಟ್ಟಿ ಸಡಿಲಿಸುವುದು. ಅದೂ ಒಳ್ಳೆಯ ಆಪರೇಷನ್ನೇ, ಸರಿಯಾದ ಮಂಡಿಗಾದರೆ. ಹೊರಬದಿ ಬಿಗಿಯಾಗಿ, ಚಿಪ್ಪಿನ ಹೊರ ಅಂಚನ್ನು ಬೆರಳಿನಿಂದ ಎತ್ತಲೂ ಆಗದಂತೆ ಒತ್ತಿ ಕೂತಿದ್ದರೆ ಅದರಿಂದ ಉಪಯೋಗ ಉಂಟು. ಈಗೀಗ ಅನೇಕ ಸರ್ಜನ್‌ಗಳು ಪಟ್ಟಿಯನ್ನು ಪೂರ್ತಿ ಕತ್ತರಿಸದೆ ಪದರ ಬಿಡಿಸಿ ಉದ್ದ ಮಾಡಿ ಹೊಲಿಯುತ್ತಾರೆ. ಎರಡನ್ನೂ ಹೋಲಿಸಿದ 2012ರ ಒಂದು ಚಿಕ್ಕ ಅಧ್ಯಯನದಲ್ಲಿ, 28 ಜನರಲ್ಲಿ, ಉದ್ದ ಮಾಡಿಸಿಕೊಂಡವರಿಗೆ ಚಿಪ್ಪು ಒಳಬದಿಗೆ ಜಾರುವುದೂ ತೊಡೆ ಸೊರಗುವುದೂ ಕಡಿಮೆ ಇತ್ತು. ನಾಲ್ಕು ವರ್ಷದ ಹಿಂದೆ ಟೀಚರಿಗೂ ಹಾಗೆ ಮಾಡಬಹುದಿತ್ತು. ಈಗ ಅವರ ಚಿಪ್ಪಿನ ಹೊರ ಅಂಚು ಸಲೀಸಾಗಿ ಏಳುತ್ತಿತ್ತು. ಬಿಗಿಯೇ ಇಲ್ಲದ ಜಾಗದಲ್ಲಿ ಇನ್ನೇನು ಸಡಿಲಿಸುವುದು? ಎರಡನೇ ಸಲ ಕತ್ತರಿಸಿದರೆ ಚಿಪ್ಪು ಒಳಕ್ಕೆ ಜಾರುವ ಅಪಾಯ ಮಾತ್ರ ಹೆಚ್ಚುತ್ತಿತ್ತು.

ಕೃತಕ ಕೀಲಿನ ಚೀಟಿ ನನಗೆ ನಿಜಕ್ಕೂ ಭಯ ಹುಟ್ಟಿಸಿತ್ತು. ಚಿಪ್ಪು ಮತ್ತು ಜಾಡಿನ ನಡುವೆ ಕಾರ್ಟಿಲೇಜ್ ಪೂರ್ತಿ ಹೋಗಿ, ಮಂಡಿಯ ಉಳಿದ ಭಾಗ ಚೆನ್ನಾಗಿದ್ದರೆ ಅದು ಬಹಳ ಉಪಕಾರಿ. ಡೆನ್ಮಾರ್ಕಿನಲ್ಲಿ 100 ಜನರ ಅಧ್ಯಯನದಲ್ಲಿ ಇದನ್ನು ಪೂರ್ತಿ ಮಂಡಿ ಬದಲಿಸುವುದಕ್ಕೆ ಹೋಲಿಸಿದಾಗ, ಮೊದಲ ಎರಡು ವರ್ಷ ಚಿಪ್ಪಿನ ಭಾಗ ಮಾತ್ರ ಬದಲಿಸಿಕೊಂಡವರೇ ಮುಂದಿದ್ದರು. ಆದರೆ ಅವರೆಲ್ಲ ಸಂಧಿವಾತದಿಂದ ಚಿಪ್ಪಿನ ಕೀಲು ಕೆಟ್ಟವರು. ಟೀಚರ್ ಮಂಡಿಯಲ್ಲಿ ಜಾಡಿನ ಕಾರ್ಟಿಲೇಜ್ ಗಟ್ಟಿಯಾಗಿದೆ, ವಯಸ್ಸು 34. ಒಮ್ಮೆ ಲೋಹ ಕೂತಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ, ಮುಂದೆ ಪೂರ್ತಿ ಮಂಡಿ ಬದಲಿಸುವ ಸಾಧ್ಯತೆ ಇದ್ದೇ ಇರುತ್ತದೆ.

ಉಳಿದದ್ದು ಮೂಳೆ ಸರಿಸುವ ಆಪರೇಷನ್. ಇದರ ಚರಿತ್ರೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಹಳೆಯ ತಪ್ಪುಗಳು ತಿಳಿದರೆ ಇವತ್ತಿನ ವಿಧಾನ ಯಾಕೆ ಹೀಗಿದೆ ಅಂತ ಗೊತ್ತಾಗುತ್ತದೆ. 1938ರಲ್ಲಿ ಹೌಸರ್ ಎಂಬ ಸರ್ಜನ್, ಜಾರುವ ಚಿಪ್ಪಿಗೆ ಅಂತ, ಕೆಳಗಿನ ಗುಬುಟನ್ನು ಒಳಬದಿಗೆ ಸರಿಸುವ ವಿಧಾನ ಪ್ರಕಟಿಸಿದರು. ಮಂಡಿ ಕೆಳಗಿನ ಕಾಲಮೂಳೆಯ ಅಡ್ಡಕೊಯ್ತ ಮುಕ್ಕೋನವಾಗಿರುತ್ತದೆ. ಮುಂದಿನ ಏಣಿನಿಂದ ಒಳಕ್ಕೆ ಸರಿಸಿದರೆ ಗುಬುಟು ಹಿಂದಕ್ಕೂ ಹೋಗುತ್ತದೆ. ಚಿಪ್ಪು ಜಾಡಿಗೆ ಇನ್ನೂ ಒತ್ತಿಕೊಳ್ಳುತ್ತದೆ. ಜಾರುವುದು ನಿಂತಿತು, ವರ್ಷಗಳು ಕಳೆದಂತೆ ಸವೆತ ಶುರುವಾಯಿತು. ಬೆಲ್ಜಿಯಂನ ಮಾಕೆ 1963ರಲ್ಲಿ ತದ್ವಿರುದ್ಧ ದಾರಿ ಹಿಡಿದರು. ಗುಬುಟನ್ನು ಮುಂದಕ್ಕೆ ಎತ್ತಿ, ಅಡಿಗೆ ಮೂಳೆಯ ತುಂಡು ಕೊಟ್ಟು ನಿಲ್ಲಿಸಿದರು. ಒತ್ತಡ ಕಡಿಮೆಯಾಯಿತು, ಆದರೆ ಎರಡು ಸೆಂಟಿಮೀಟರ್ ಎತ್ತಿದ ಮೂಳೆಯ ಮೇಲೆ ಚರ್ಮ ಮುಚ್ಚಿಕೊಳ್ಳುವುದೇ ಕಷ್ಟ. ಎಷ್ಟೋ ಜನರಿಗೆ ಗಾಯ ಮಾಯಲಿಲ್ಲ. 1983ರಲ್ಲಿ ಅಮೆರಿಕದ ಜಾನ್ ಫುಲ್ಕರ್ಸನ್ ಮೂಳೆಯನ್ನು ಓರೆಯಾಗಿ ಕೊಯ್ದರು. ಆ ಇಳಿಜಾರಿನ ಮೇಲೆ ತುಂಡನ್ನು ಜಾರಿಸಿದರೆ ಅದು ಒಳಕ್ಕೂ ಹೋಗುತ್ತದೆ, ಮುಂದಕ್ಕೂ ಏಳುತ್ತದೆ. ಅಡಿಗೆ ಬೇರೆ ಮೂಳೆ ಕೊಡಬೇಕಾಗಿಲ್ಲ. ಇಳಿಜಾರು ಎಷ್ಟು ಕಡಿದಾಗಿದ್ದರೆ ಅಷ್ಟು ಜಾಸ್ತಿ ಮುಂದಕ್ಕೆ.

ಇದು ಎಲ್ಲ ಸವೆತಕ್ಕೂ ಆಗಿಬರಲ್ಲ. ಫುಲ್ಕರ್ಸನ್ ತಂಡವೇ 1997ರಲ್ಲಿ ತಮ್ಮ ರೋಗಿಗಳನ್ನು ಸವೆತ ಎಲ್ಲಿತ್ತು ಅನ್ನುವುದರ ಮೇಲೆ ಬೇರೆ ಮಾಡಿ ನೋಡಿತು. ಚಿಪ್ಪಿನ ಕೆಳಭಾಗ ಅಥವಾ ಹೊರಬದಿ ಸವೆದವರಿಗೆ ಒಳ್ಳೆಯ ಫಲ. ಒಳಬದಿ ಸವೆದವರಿಗೆ ಅಷ್ಟಕ್ಕಷ್ಟೆ. ಮೇಲ್ಭಾಗ ಅಥವಾ ಪೂರ್ತಿ ಸವೆದವರಿಗೆ ಕಳಪೆ. ಕಾರಣ ಸರಳ: ಚಿಪ್ಪು ಒಳಕ್ಕೂ ಮುಂದಕ್ಕೂ ಸರಿದಾಗ ಕೆಳಗಿನ ಹೊರ ಮೂಲೆಯ ಭಾರ ಇಳಿದು, ಮೇಲಿನ ಒಳಭಾಗಕ್ಕೆ ಏರುತ್ತದೆ. ಟೀಚರ್ ಸವೆತ ಸರಿಯಾಗಿ ಕೆಳಗಿನ ಹೊರ ಮೂಲೆಯಲ್ಲೇ ಇತ್ತು, ಭಾರ ಹೋಗಿ ಬೀಳುವ ಜಾಗದಲ್ಲಿ ಕಾರ್ಟಿಲೇಜ್ ಗಟ್ಟಿಯಿತ್ತು.

ಚಿಪ್ಪಿನ ಒಳಬದಿಯ ಕಟ್ಟು ಹೊಸದಾಗಿ ಹಾಕುವುದು, ಜಾಡನ್ನು ಆಳ ಮಾಡುವುದು ಅಂತ ಬೇರೆ ಆಪರೇಷನ್‌ಗಳೂ ಇವೆ. ಅವು ಚಿಪ್ಪು ಜಾರುವವರಿಗೆ. ಟೀಚರ್ ಚಿಪ್ಪು ಒಮ್ಮೆಯೂ ಜಾರಿದ್ದಿಲ್ಲ, ಹಾಗಾಗಿ ಅದರ ಗೊಡವೆಗೆ ಹೋಗಲಿಲ್ಲ.

ಇದನ್ನೆಲ್ಲ ನಾನು ಮಂಡಿಯ ಮಾದರಿ ಹಿಡಿದುಕೊಂಡು ಅರ್ಧ ಗಂಟೆ ವಿವರಿಸಿದೆ. ಟೀಚರ್ ಮನೆಯಲ್ಲಿ ಎರಡು ಹಸು. ಅವರು ಮಾದರಿಯನ್ನು ಕೈಗೆ ತೆಗೆದುಕೊಂಡು ಗುಬುಟಿನ ಮೇಲೆ ಹೆಬ್ಬೆರಳಿಟ್ಟು ಕೇಳಿದರು, "ಅಂದ್ರೆ ಮೇಡಂ, ಗೂಟನೇ ವಾರೆಗೆ ಹೊಡೆದದೆ. ಅವತ್ತು ಅವರು ಹಗ್ಗ ಸಡ್ಲ ಮಾಡಿದ್ರು, ಗೂಟ ಮುಟ್ಲಿಲ್ಲ. ಹಂಗಲ್ವಾ?" ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ಹೇಳಿಲ್ಲ. ಈಗ ಎಲ್ಲರಿಗೂ ಅವರ ಗೂಟದ ಮಾತನ್ನೇ ಹೇಳುತ್ತೇನೆ.

ಆಪರೇಷನ್, ಆಮೇಲೆ

ಮಂಗಳೂರಿನ ಸರ್ಜನ್ ಹತ್ತಿರ ನಾನೂ ಜೊತೆಗೆ ಹೋದೆ. ಆರು ತಿಂಗಳ ವ್ಯಾಯಾಮದ ಲೆಕ್ಕ, ಟೇಪಿನ ಫಲ, ಎಡಗಾಲಿನ 20 ಎಲ್ಲ ತೋರಿಸಿದೆ. ಅವರು ತಾಳ್ಮೆಯಿಂದ ಓದಿದರು. ಟೀಚರಿಗೆ ಮುಚ್ಚುಮರೆ ಇಲ್ಲದೆ ಹೇಳಿದರು: "ನೋವು ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲಮ್ಮ. ಮೆಟ್ಟಿಲು ಸುಲಭ ಆಗುತ್ತೆ. ಮಂಡಿಯೂರಿ ಕೂರೋದು ಈಗಿಗಿಂತ ಕಷ್ಟ ಆಗಬಹುದು."

8 ಮಿಲಿಮೀಟರ್ ಒಳಕ್ಕೆ, ಸುಮಾರು 10 ಮಿಲಿಮೀಟರ್ ಮುಂದಕ್ಕೆ ಸರಿಸಿ ಎರಡು ಸ್ಕ್ರೂ ಹಾಕಿದರು. 21 ಇದ್ದ ಅಳತೆ 13ಕ್ಕೆ ಬಂತು. ಇನ್ನೂ ಜಾಸ್ತಿ ಸರಿಸಿದರೆ ಚಿಪ್ಪಿನ ಒಳಬದಿಗೆ ಒತ್ತಡ ಏರುತ್ತದೆ, ಹಾಗಾಗಿ ಅಲ್ಲಿಗೆ ನಿಲ್ಲಿಸಿದರು.

ಕಷ್ಟವಿದ್ದದ್ದು ಮೊದಲ ಆರು ವಾರ. ಓರೆಯಾಗಿ ಕೊಯ್ದ ಕಾಲಮೂಳೆ ಕೂಡಿಕೊಳ್ಳುವ ಮೊದಲೇ ಪೂರ್ತಿ ಭಾರ ಹಾಕಿದರೆ ಮುರಿದದ್ದೂ ಉಂಟು, ಅದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಎರಡು ಊರುಗೋಲು, ನೆಲಕ್ಕೆ ಪಾದ ಸುಮ್ನೆ ತಾಗಿಸಿ ನಡಿಗೆ. ಹಳ್ಳಿ ಮನೆಯಲ್ಲಿ ಇದು ಎಂಥ ಕಷ್ಟ ಅಂತ ಆಪರೇಷನ್‌ಗೆ ಮೊದಲು ಯಾರೂ ಯೋಚಿಸಲ್ಲ. ಬಚ್ಚಲು ಹೊರಗೆ, ಅಂಗಳ ಪಾಚಿ, ಹೊಸ್ತಿಲು ಮೊಳಕಾಲೆತ್ತರ. ಹೋಗುವ ಮೊದಲೇ ನಾವು ಮನೆ ನೋಡಿ ಬಂದಿದ್ದೆವು. ಅವರ ಅತ್ತೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಸಿ, ಬಚ್ಚಲಿಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಹಾಲು ಕರೆಯೋದನ್ನೂ ಎರಡು ತಿಂಗಳು ಅವರೇ ನೋಡಿಕೊಂಡರು. ಈ ಪ್ರಕರಣ ಚೆನ್ನಾಗಿ ಸಾಗಿದ್ದರಲ್ಲಿ ಅತ್ತೆಯ ಪಾಲು ಸರ್ಜನ್ ಪಾಲಿಗಿಂತ ಕಡಿಮೆ ಇಲ್ಲ.

ಏಳನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡುತ್ತಿದ್ದದ್ದು ಕಂಡಿತು. ಊರುಗೋಲು ಒಂದಾಯಿತು, ಆಮೇಲೆ ಅದೂ ಹೋಯಿತು. ಮತ್ತೆ ಮಣೆಯಿಂದ ಶುರು, ಮತ್ತೆ ಇಟ್ಟಿಗೆ. ನಾಲ್ಕನೇ ತಿಂಗಳು ಕೆಲಸಕ್ಕೆ ಹೋದರು. ಸ್ಕ್ರೂ ತಲೆಗಳು ಚರ್ಮದ ಅಡಿಗೆ ಕೈಗೆ ಸಿಗುತ್ತಿದ್ದವು, ನೆಲಕ್ಕೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹನ್ನೊಂದನೇ ತಿಂಗಳಿಗೆ ಅವನ್ನು ತೆಗೆಸಿದರು. ಇದು ಬಹಳ ಜನರಿಗೆ ಬೇಕಾಗುವ ಎರಡನೇ ಚಿಕ್ಕ ಆಪರೇಷನ್. ಮೊದಲೇ ಹೇಳಿದ್ದರಿಂದ ಅವರು ಕಂಗಾಲಾಗಲಿಲ್ಲ.

ಹದಿನಾಲ್ಕನೇ ತಿಂಗಳಿಗೆ ಕುಯಾಲಾ ಅಂಕ 84. ಬಸ್ಸಿಂದ ಮುಖ ಮುಂದೆ ಮಾಡಿ ಇಳಿಯುತ್ತಾರೆ. ನೆಲದಲ್ಲಿ ಕೂತು ಏಳುತ್ತಾರೆ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದ ಹಾಗೇ ಉಳಿದಿದೆ. ಮಂಡಿಯೂರಲು ಆಗುವುದಿಲ್ಲ, ಸರ್ಜನ್ ಹೇಳಿದ್ದು ನಿಜವಾಯಿತು. ಅಂಗನವಾಡಿಯಲ್ಲಿ ಮಕ್ಕಳ ಎತ್ತರಕ್ಕೆ ಬರಲು ಒಂದು ಗಿಡ್ಡ ಸ್ಟೂಲ್ ಮಾಡಿಸಿಕೊಂಡಿದ್ದಾರೆ. ದೇವರ ಮನೆಯಲ್ಲೂ ಅಂಥದ್ದೇ ಒಂದು.

ಕಳೆದ ತಿಂಗಳು ಬಂದಿದ್ದರು, ಎಡಗಾಲು ತೋರಿಸೋಕೆ. ನೋವಿಲ್ಲ. ಆದರೂ ಅದರ 20 ಅವರ ತಲೆಯಲ್ಲಿ ಕೂತುಬಿಟ್ಟಿದೆ. "ಇದರ ಗೂಟನೂ ವಾರೆ ಅಲ್ವಾ ಮೇಡಂ?" ಅಂತ ಕೇಳಿದರು. ನಾನು ಎರಡು ಇಟ್ಟಿಗೆ ಇಟ್ಟು ಎಡಗಾಲಲ್ಲಿ ನಿಂತು ಇಳಿಯಲು ಹೇಳಿದೆ. ಹತ್ತು ಸಲ ಇಳಿದರು. ಚಿಪ್ಪು ಅಲುಗದೆ ನೇರ ಸಾಗಿತು. ಟೇಪ್ ಹಿಡಿದು ಎರಡೂ ತೊಡೆ ಅಳೆದು, ಎರಡು ಅಂಕಿಗಳನ್ನೂ ಅವರ ಕೈಯಲ್ಲೇ ಬರೆಸಿದೆ. ಸಮ ಇದ್ದವು. ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು, ನಾಲ್ಕು ಮೆಟ್ಟಿಲನ್ನೂ ಕಂಬಿ ಹಿಡಿಯದೆ ಇಳಿದು ಬಸ್ ಸ್ಟ್ಯಾಂಡ್ ಕಡೆ ಹೋದರು.